ಸುರಿಯಲ್ಪಟ್ಟವರು

ಸಕಾಟಾ ಬಂದರಿನ ಹಿಂದೆ ಮೀನುಪೇಟೆ, ಅದರ ಮೇಲಂತಸ್ತು.
ಗುರುವಾರ ಸಂಜೆ ಏಳಕ್ಕೆ ಜಪಾನಿ ಪಾಠ.
ಸೀಮೆಎಣ್ಣೆ ಒಲೆಯ ಮೇಲೆ ಗುಯ್‌ಗುಡುವ ಕೆಟಲು,
ಬಾಗಿಲಲ್ಲಿ ಉಪ್ಪು ಹಿಡಿದ ಬೂಟುಗಳು.
ಏಡಿ ಬಿಡಿಸಿ ಬಿಡಿಸಿ ಬೆರಳು ಕೊಯ್ದುಕೊಂಡ ಹ್ವೇ,
ಕರಿ ಅಂಗಡಿಯ ನೇಪಾಳಿ ಲೋಕಮಾನ್,
ಮದುವೆಯಾಗಿ ಬ್ರೆಜಿಲಿನಿಂದ ಬಂದ ಜಾಂದಿರಾ,
ಹಡಗಿನ ಹೊಟ್ಟೆಗೆ ಬಣ್ಣ ಬಳಿಯುವ ನಾನು.

ಕಲಿಸುವವರು ನುಮಾಜಿರಿ. ಎಪ್ಪತ್ತು ದಾಟಿದೆ.
ಹಲಗೆಯ ಮೇಲೆ ಬರೆದರು: ಮಳೆ ಬಂತು.
ಅಳಿಸಿ, ಮತ್ತೆ ಬರೆದರು: ಆಮೆ ನಿ ಫುರಾರೆತಾ.
ನಾನು ಮಳೆಯಿಂದ ಸುರಿಯಲ್ಪಟ್ಟೆ.

ಲೋಕಮಾನ್ ನಕ್ಕ. ನನಗೆ ಏಳನೇ ಕ್ಲಾಸಿನ ಬೆಂಚು ನೆನಪಾಯಿತು:
ಹುಡುಗನಿಂದ ಹಣ್ಣು ತಿನ್ನಲ್ಪಟ್ಟಿತು.
ಅಲ್ಲಿಂದಾಚೆ ಯಾರ ಬಾಯಲ್ಲೂ ಕೇಳದ ವಾಕ್ಯ,
ಕಚೇರಿಯ ಸುತ್ತೋಲೆಗಳಲ್ಲಷ್ಟೇ ಉಸಿರಾಡುವ ಪ್ರಾಣಿ.
ಅದೂ ಮಳೆಗೆ? ಸುರಿಯುವುದು ಅಕರ್ಮಕವಲ್ಲವೇ,
ಕರ್ಮವೇ ಇಲ್ಲದ್ದಕ್ಕೆ ಕರ್ಮಣಿ ಎಲ್ಲಿಯದು?
ನನ್ನ ಹರಕು ಜಪಾನಿಯಲ್ಲಿ ಇಷ್ಟೆಲ್ಲ ಕೇಳಲಾಗದೆ
'ಮಳೆ ನನಗೇನು ಮಾಡಿತು?' ಎಂದೆ.

'ಏನೂ ಮಾಡಲಿಲ್ಲ.
ಅದರ ಪಾಡಿಗೆ ಅದು ಸುರಿಯಿತು.
ಕೆಳಗೆ ನೀನಿದ್ದೆ.'

ಆಮೇಲೆ ಸಾಲುಸಾಲಾಗಿ ಅಭ್ಯಾಸ.
ಕೂಸಿನಿಂದ ಅಳಲ್ಪಟ್ಟೆ: ರಾತ್ರಿಯಿಡೀ ನಿದ್ದೆಯಿಲ್ಲ.
ಪಕ್ಕದವನಿಂದ ಮಹಡಿ ಕಟ್ಟಲ್ಪಟ್ಟೆ: ನನ್ನ ಬಿಸಿಲು ಹೋಯಿತು.
ಗಂಡನಿಂದ ಟೀವಿ ನೋಡಲ್ಪಟ್ಟೆ, ಸರಿಯೇ? ಅಂದಳು ಜಾಂದಿರಾ.
ತಪ್ಪಿಲ್ಲ, ಆದರೆ ಇಲ್ಲಿಯವರು ಅದನ್ನು ಹೇಳುವುದಿಲ್ಲ,
ಎದ್ದು ಹೋಗಿ ಪಾತ್ರೆ ತೊಳೆಯುತ್ತಾರೆ.
ಅಜ್ಜಿಯಿಂದ ಕಿತ್ತಳೆ ಕೊಡಲ್ಪಟ್ಟೆ, ಅಂದಳು ಹ್ವೇ.
ಬೇಡ, ಒಳ್ಳೆಯದಕ್ಕೆ ಬೇಡ. ಕೊಟ್ಟು ಉಪಕಾರ ಮಾಡಿದರು ಅನ್ನು.
ಈ ಕೊಡೆ ಬಿಚ್ಚುವುದು ಕೆಟ್ಟ ದಿನಕ್ಕೆ.

ಇನ್ನೊಂದು ಹೇಳಿದರು, ಕಣ್ಣು ಕಿರಿದು ಮಾಡಿ:
ಪ್ರೀತಿಸಿದವರು ಒಲ್ಲೆ ಅಂದರೂ ಫುರಾರೆತಾ,
ಅದೇ ಸದ್ದು. ಹ್ವೇ ತಲೆ ಎತ್ತಲಿಲ್ಲ.
ನಮ್ಮಲ್ಲೂ ಅಂಥದೊಂದಿದೆ, ನೆನೆ.
ಒದ್ದೆಯಾದರೂ ಅದೇ, ಮರೆಯದಿದ್ದರೂ ಅದೇ.
ಹೇಳಬೇಕೆನಿಸಿತು. ಹೇಳಲು ಮಾತು ಸಾಲಲಿಲ್ಲ.

ಕೆಟಲಿಗೆ ನೀರು ತುಂಬುತ್ತ, ನಮಗೆ ಬೆನ್ನು ಹಾಕಿ,
'ಆ ಚಳಿಗಾಲ ಗಂಡನಿಂದ ಸಾಯಲ್ಪಟ್ಟೆ,
ಮನೆಯಲ್ಲಿ ಕೂರಲಾಗದೆ ಈ ಪಾಠ ಶುರುಮಾಡಿದೆ' ಅಂದರು.
ಹಲಗೆಯ ಮೇಲೆ ಇರಲಿಲ್ಲ ಅದು.
ಲೋಕಮಾನ್ ಬರೆದುಕೊಳ್ಳಹೋಗಿ ಪೆನ್ನು ಕೆಳಗಿಟ್ಟ.

ಸಾಯುವುದಕ್ಕಿಂತ ಅಕರ್ಮಕ ಇನ್ನೊಂದಿದೆಯೇ?
ತಾನೇ ಸಾಯಬೇಕು, ಯಾರನ್ನೂ ಸಾಯಲು ಬರುವುದಿಲ್ಲ.
ಆದರೂ ವಾಕ್ಯದ ಹೊಸ್ತಿಲಲ್ಲಿ ಆಕೆ ನಿಂತಿದ್ದರು.
ಸತ್ತವನು ಪುಟ್ಟದೊಂದು ಪ್ರತ್ಯಯ ಹಿಡಿದು ಪಕ್ಕಕ್ಕೆ ಸರಿದಿದ್ದ.
ದೂರಿರಲಿಲ್ಲ, ಕೊಂದವರಿರಲಿಲ್ಲ.
ಅವನ ಪಾಡಿಗೆ ಅವನು ಸತ್ತ. ಕೆಳಗೆ ಇವರಿದ್ದರು.

ಸೈಕಲ್ ತಳ್ಳಿಕೊಂಡು ಬರುವಾಗ ನನ್ನ ಪಡು ತಿರುವಿಹಾಕಿದೆ.
ಕಷ್ಟಪಡು, ನಾಚಿಕೆಪಡು, ಸರಿ.
ಆಸೆಪಡು? ಸಂತೋಷಪಡು?
ಸುಖವನ್ನೂ ಪಡಬೇಕಾದ ಜನ ನಾವು,
ಒಂದೇ ಕೊಡೆಯ ಕೆಳಗೆ ಮಳೆ, ಬಿಸಿಲು, ಮದುವೆ, ಹೆಣ.

ಮಾರ್ಚಿಯಲ್ಲಿ ಒಂದು ಗುರುವಾರ ಮೂರೇ ಜೊತೆ ಬೂಟು.
ಏಡಿ ಕಾರ್ಖಾನೆಯ ಕರಾರು ಮುಗಿದು ಹ್ವೇ ನಗೋಯಾಕ್ಕೆ ಹೋಗಿದ್ದಳು,
ಒಂದು ಮಾತೂ ಹೇಳದೆ.
ನುಮಾಜಿರಿ ಕೇಳಿದರು: 'ಅವಳೆಲ್ಲಿ?'
ನಾನು ಯೋಚಿಸಲಿಲ್ಲ. ಬಾಯಿ ತಾನೇ ಅಂದಿತು,
ಹ್ವೇ-ಸಾನ್ ನಿ ಇಕಾರೆತೆ ಶಿಮಾಯಿಮಾಶಿತಾ.
ಅವಳಿಂದ ಹೋಗಲ್ಪಟ್ಟೆವು.

ಪ್ರತಿ ಸಲ ಚಪ್ಪಾಳೆ ತಟ್ಟಿ ಜೋಝು ಅನ್ನುವವರು
ಅವತ್ತು ಅನ್ನಲಿಲ್ಲ. 'ಹೌದಾ' ಅಂದರು,
ಸುಣ್ಣದಕಡ್ಡಿ ಕೈಯಲ್ಲೇ ಉಳಿಯಿತು.
ನನ್ನ ವ್ಯಾಕರಣ ಅವರಿಗೆ ಕೇಳಿಸಿರಲೇ ಇಲ್ಲ.

ಕೆಳಗೆ ಮೀನುಪೇಟೆಯ ತಗಡಿನ ಮೇಲೆ
ಅದರ ಪಾಡಿಗೆ ಅದು ಶುರುವಾಯಿತು.